ಮೊದಲ ಹಿಡಿ

ಸಂಘಮಿತ್ರಾಳ ಕಣ್ಣು ಕೆಂಪಾಗಿದ್ದವು. ಅತ್ತು ಕೆಂಪಾದದ್ದಲ್ಲ, ನಿದ್ದೆಗೆಟ್ಟು ಕೆಂಪಾದದ್ದೂ ಅಲ್ಲ. ಬಿಳಿ ಗುಡ್ಡೆಯ ತುಂಬ ರಕ್ತ ಹರಡಿದಂಥ ಕೆಂಪು. ಶೇಖಮ್ಮ ಮಗಳ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. ನೋಡಿದಳು. ಹಿಡಿದ ಕೈ ತಾನಾಗಿ ಕೆಳಗೆ ಬಿತ್ತು.

“ಎಲ್ಲಿ ನೋಯ್ತದವ್ವಾ?”

“ಕಾಲು ಬೇ. ಹಿಂದಿನ ಖಂಡ. ಮುಟ್ಟಬ್ಯಾಡ ಬೇ, ಮುಟ್ಟಬ್ಯಾಡ!”

ಶೇಖಮ್ಮ ಇನ್ನೂ ಮುಟ್ಟಿರಲೇ ಇಲ್ಲ. ಮೊನ್ನೆಯಿಂದ ಹುಡುಗಿಗೆ ಜ್ವರವಿತ್ತು. ಮಳೆಗಾಲದ ಜ್ವರ, ಗುಳಿಗೆ ನುಂಗಿದರೆ ಇಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ದಿನ ದೂಡಿದ್ದಳು. ಕಣ್ಣು ನೋಡಿದ ಮೇಲೆ ಹಾಗೆ ಹೇಳಿಕೊಳ್ಳಲು ಧೈರ್ಯ ಬರಲಿಲ್ಲ. ಈ ಕಣ್ಣನ್ನು ಅವಳು ಹಿಂದೆ ನೋಡಿದ್ದಳು. ಬೇರೆಯವಳ ಮುಖದಲ್ಲಿ.

ಅದು ಮುದುಕಮ್ಮನ ಮುಖ. ಶೇಖಮ್ಮನ ನೆಗೆಣ್ಣಿ, ಭಾವ ಸೂಗಪ್ಪನ ಹೆಂಡತಿ. ಬೇಸಿಗೆ ಬೆಳೆಯ ನಾಟಿ ಮುಗಿಸಿ ಬಂದವಳು ಹೀಗೆಯೇ ಕಾಲು ಹಿಡಿದುಕೊಂಡು ಗೋಡೆಗೊರಗಿದ್ದಳು. ಕಣ್ಣು ಮೊದಲು ಕೆಂಪಾದವು, ಆಮೇಲೆ ಹಳದಿಯಾದವು. ಉಚ್ಚೆ ಕರಿ ಚಹಾದ ಬಣ್ಣಕ್ಕೆ ತಿರುಗಿತು, ಆಮೇಲೆ ನಿಂತೇ ಹೋಯಿತು. ಕಾಮಣಿ, ಅಂದರೆ ಕಾಮಾಲೆ, ಎಂದು ಮುಂಗೈಗೆ ಕಾದ ಸೂಜಿಯಿಂದ ಬರೆ ಹಾಕಿಸಿದರು. ಕಣ್ಣಿಗೆ ಎಲೆಯ ರಸ ಹಿಂಡಿದರು. ಬರೆಯ ಗಾಯ ಒಣಗುವ ಮೊದಲೇ ಮುದುಕಮ್ಮ ಸತ್ತಳು. ಗಟ್ಟಿ ಹೆಂಗಸು. ನಾಟಿಯ ಸಾಲಿನಲ್ಲಿ ಅವಳ ಕೈಗೆ ಸರಿಗಟ್ಟುವವರೇ ಇರಲಿಲ್ಲ.

ಕಾಮಣಿಯಿಂದ ಸತ್ತಳು ಎಂದು ಕೇರಿಗೆ ಕೇರಿಯೇ ಹೇಳಿತು. ಅದು ಕಾಮಣಿಯಲ್ಲ ಎಂದು ಕೇರಿಗೆ ಗೊತ್ತಿತ್ತು. ಆ ರೋಗಕ್ಕೆ ಬೇರೆ ಹೆಸರಿತ್ತು. ಆ ಹೆಸರನ್ನು ಯಾರೂ ಬಾಯಿಂದ ತೆಗೆಯಬಾರದೆಂದು ಕೇರಿಯವರೇ ಕಟ್ಟು ಮಾಡಿಕೊಂಡಿದ್ದರು.

ಆ ಹೆಸರನ್ನು ಕೇರಿಗೆ ತಂದವನು ಅಲ್ಲಿಯದೇ ಹುಡುಗ ಆನಂದ. ಗಬ್ಬೂರಿನ ಆಚೆಗಿರುವ ಈ ಊರಿನ ಕೇರಿಯವರು ದಿನಾ ಟಂಟಂ ಆಟೋದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಮಾನ್ವಿ ಕಡೆಯ ಕಾಲುವೆ ಗದ್ದೆಗಳಿಗೆ ಕೂಲಿಗೆ ಹೋಗುತ್ತಾರೆ. ಹೆಂಗಸರು ನೆಲ್ಲು ಹಚ್ಚುತ್ತಾರೆ. ಗಂಡಸರು ಹಾರೆ ಹಿಡಿದು ಒಡ್ಡು ಅಗೆದು ಇಲಿ ಹಿಡಿಯುತ್ತಾರೆ. ಇಲಿ ಹಿಡಿಯುವುದೇನು ಕೇರಿಯವರಿಗೆ ಹುಟ್ಟಿನಿಂದ ಬಂದ ಹುಚ್ಚಲ್ಲ. ಸಾಹುಕಾರರು ಕರೆಸುತ್ತಾರೆ. ತೆನೆ ಕಡಿದು ಬಿಲಕ್ಕೊಯ್ಯುವ ಇಲಿಯ ಮೇಲೆ ಸಿಟ್ಟು ಸಾಹುಕಾರರದು, ಬಿಲದೊಳಗೆ ತೂರುವ ಕೈ ಕೇರಿಯವರದು. ಬಿಲದಲ್ಲಿ ಇಲಿ ಕೂಡಿಟ್ಟ ತೆನೆ ಸಿಕ್ಕರೆ ಅದು ಅಗೆದವನಿಗೆ. ಅದೇ ಕೂಲಿ. ಇಲಿಯ ಎಂಜಲು. ಹಿಡಿದ ಇಲಿಯನ್ನು ಕೆಂಡದಲ್ಲಿ ಸುಟ್ಟು ತಿನ್ನುವವರು ತಿನ್ನುತ್ತಿದ್ದರು. ಹಸಿದ ಹೊಟ್ಟೆ ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ.

ಹೋದ ಮಳೆಗಾಲದಲ್ಲಿ ಆನಂದನಿಗೆ ಜ್ವರ ಬಂದು ರಾಯಚೂರಿನ ದೊಡ್ಡ ದವಾಖಾನೆಗೆ ಸೇರಿಸಿದರು. ಹುಡುಗ ಬದುಕಿ ಬಂದ. ಬರುವಾಗ ಹೆಸರು ತಂದ. ಇಲಿ ಜ್ವರ. ಟಂಟಂ ನಿಲ್ಲುವ ಕ್ರಾಸಿನ ಚಹಾದಂಗಡಿಯಲ್ಲಿ ನಿಂತು, ಸಾವಿನ ಬಾಯಿಂದ ಹೊರಬಿದ್ದ ಖುಷಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ. ಬೆಂಚಿನ ಮೇಲೆ ಸಾಹುಕಾರ ಕೂತಿದ್ದ. ಕಾಲುವೆಗುಂಟ ಕಣ್ಣು ಹಾಯುವಷ್ಟು ದೂರ ಅವನದೇ ನೆಲ.

“ಇಲಿ ತಿಂದ್ರ ಇಲಿ ಜ್ವರ ಬರದ, ಹುಲಿ ಜ್ವರ ಬರ್ತದೇನಲೇ?” ಅಂದ ಸಾಹುಕಾರ.

ಅಂಗಡಿಗೆ ಅಂಗಡಿಯೇ ನಕ್ಕಿತು. ಭಾರೀ ಚಟಾಕಿ. ನಕ್ಕವರು ನಕ್ಕು ಮನೆಗೆ ಹೋದರು, ಕೇರಿಯವರು ಅದನ್ನು ಹೊತ್ತುಕೊಂಡು ಬಂದರು. ಮರುದಿನದಿಂದ ಅಂಗಡಿಯವನು ಕೇರಿಯವರಿಗೆ ಕಾಗದದ ಕಪ್ಪನ್ನು ಕಟ್ಟಿಗೆಯಿಂದ ಮುಂದಕ್ಕೆ ನೂಕಿದ. ಕುಡಿದ ಮೇಲೆ ಅವರ ಕೈಯಿಂದಲೇ ಒಲೆಗೆ ಹಾಕಿಸಿದ. ಊರೊಳಗೆ ಕೇರಿಯ ಹೆಸರು ಇಲಿ ಕೇರಿಯಾಯಿತು. ಕೇರಿಯ ಎಮ್ಮೆಯ ಹಾಲು ಬೇಡವೆಂದರು. ಎಮ್ಮೆ ಕೂಡ ಇಲಿ ತಿನ್ನುತ್ತದೆ ಎಂದುಕೊಂಡರೇನೋ.

ಸಂಘಮಿತ್ರಾ ಗಬ್ಬೂರಿನಿಂದ ಬಸ್ಸು ಹಿಡಿದು ರಾಯಚೂರಿಗೆ ಡಿಗ್ರಿ ಓದಲು ಹೋಗುತ್ತಿದ್ದಳು. ಅವಳು ಬಸ್ಸು ಹತ್ತಿದೊಡನೆ ಹಿಂದಿನ ಸೀಟಿನ ಹುಡುಗರು ಕಿಚ್ ಕಿಚ್ ಎನ್ನತೊಡಗಿದರು. ಪಕ್ಕದಲ್ಲಿ ಕೂತವರು ಎದ್ದು ನಿಂತರು. ಹುಡುಗಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಹೋಗುತ್ತಿದ್ದಳು, ಹಾಗೆಯೇ ನೋಡುತ್ತ ಬರುತ್ತಿದ್ದಳು. ಮನೆಗೆ ಬಂದು ಒಂದು ಮಾತೂ ಆಡದೆ ಕಲ್ಲಿನಿಂದ ಮೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ತೀರಿಹೋದ ಗಂಡ ಆಸೆಪಟ್ಟು ಇಟ್ಟ ಹೆಸರಿನ ಹುಡುಗಿ ಹೀಗೆ ತನ್ನ ತೊಗಲನ್ನೇ ಸುಲಿದುಕೊಳ್ಳುವುದನ್ನು ಶೇಖಮ್ಮ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಸೂಗಪ್ಪ ಕೇರಿಯ ಹಿರಿಯ. ಒಡ್ಡಿಗೆ ಕಿವಿ ಹಚ್ಚಿ ಬಿಲ ಎತ್ತ ತಿರುಗಿದೆ ಎಂದು ಹೇಳುವಂಥ ಇಲಿಗಾರ. ಅವನೇ ಕಟ್ಟೆಯ ಮುಂದೆ ಎಲ್ಲರನ್ನೂ ಕೂಡಿಸಿದ.

“ಇನ್ನ ಮ್ಯಾಲ ಯಾರಿಗೆ ಜ್ವರ ಬಂದ್ರೂ ಕಾಮಣಿ ಅನ್ರಿ. ಆ ಹೆಸರು ಬಾಯಾಗ ಬಂತಂದ್ರ ನಮ್ಮ ಹುಡುಗ್ರಿಗೆ ಹೆಣ್ಣು ಕೊಡಂಗಿಲ್ಲ, ನಮ್ಮ ಹೆಣ್ಮಕ್ಕಳ್ನ ಬಸ್ಸಿನಾಗ ಕುಂದ್ರಿಸ್ಕಳಂಗಿಲ್ಲ. ತಿಳೀತಾ?”

ಎಲ್ಲರೂ ತಲೆಯಾಡಿಸಿದರು. ಶೇಖಮ್ಮನೂ ಆಡಿಸಿದಳು. ಆ ಕಟ್ಟನ್ನು ಮೊದಲು ಪಾಲಿಸಿದವಳು ಸೂಗಪ್ಪನ ಹೆಂಡತಿಯೇ. ಪಾಲಿಸಿದಳು, ಸತ್ತಳು.

ಈಗ ಅದೇ ಕೆಂಪು ಶೇಖಮ್ಮನ ಮನೆಯೊಳಗೆ ಬಂದು ಮಗಳ ಕಣ್ಣಲ್ಲಿ ಕೂತಿತ್ತು. ಹೇಳಿದರೆ ಹುಡುಗಿಯ ಬದುಕು ಹೋಗುತ್ತದೆ. ಹೇಳದಿದ್ದರೆ ಜೀವ ಹೋಗುತ್ತದೆ. ಶೇಖಮ್ಮ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳು ಬರಲಿಲ್ಲ. ಬರೀ ಹೆದರಿಕೆ. ಮೈಯೆಲ್ಲ ಹೆದರಿಕೆ.

ಈ ವರ್ಷದ ನಾಟಿ ಶುರುವಾದ ದಿನ ಶೇಖಮ್ಮನಿಗೆ ಎಂದೂ ಸಿಗದ ಮರ್ಯಾದೆ ಸಿಕ್ಕಿತ್ತು.

ಹೊಸ ಗದ್ದೆಗೆ ಇಳಿಯುವಾಗ ಮೊದಲ ಹಿಡಿ ಸಸಿ ಹಚ್ಚುವುದು ಸಾಹುಕಾರನ ಮನೆತನದ ಹಕ್ಕು. ಅವನ ಅಪ್ಪ ಹಚ್ಚುತ್ತಿದ್ದ, ಅಪ್ಪನ ಅಪ್ಪ ಹಚ್ಚುತ್ತಿದ್ದ. ಒಡ್ಡಿನ ಮೇಲೆ ಐದು ಕಲ್ಲಿಟ್ಟು, ಅರಿಸಿನ ಕುಂಕುಮ ಏರಿಸಿ, ಕಾಯಿ ಒಡೆದು, ಸಾಹುಕಾರ ಧೋತರ ಎತ್ತಿ ಕಟ್ಟಿ ಬರಿಗಾಲಲ್ಲಿ ನೀರಿಗಿಳಿದು ಒಂದು ಹಿಡಿ ಊರಿ ಬರುತ್ತಿದ್ದ. ಅಲ್ಲಿಯವರೆಗೆ ಕೇರಿಯ ಹೆಂಗಸರು ದೂರ ನಿಲ್ಲಬೇಕು. ಅವರ ನೆರಳು ಆ ನೀರಿಗೆ ಬೀಳಬಾರದು. ಅವರ ಕೈ ತಾಗಿದರೆ ಮೊದಲ ಹಿಡಿ ಮೈಲಿಗೆ. ಅದರ ಹಿಂದೆ ಹಚ್ಚುವ ಲಕ್ಷ ಹಿಡಿಗೆ ಮಾತ್ರ ಯಾವ ಮೈಲಿಗೆಯೂ ಇಲ್ಲ. ಅದೆಂಥ ಲೆಕ್ಕವೋ, ಆ ಐದು ಕಲ್ಲಿಗೇ ಗೊತ್ತು.

ಈ ಸಲ ಸಾಹುಕಾರ ಒಡ್ಡಿನಿಂದ ಇಳಿಯಲಿಲ್ಲ. ಕಾಲಲ್ಲಿ ಮೊಣಕಾಲುದ್ದದ ಕರಿ ರಬ್ಬರ್ ಬೂಟು. ಮೇಸ್ತ್ರಿ ವೆಂಕಣ್ಣ ಕಾಯಿ ಒಡೆದು ಕೊಟ್ಟ. ಸಾಹುಕಾರ ಸಸಿಯ ಹಿಡಿ ಕೈಯಲ್ಲಿ ಹಿಡಿದು ತುಸು ಹೊತ್ತು ನೀರನ್ನೇ ನೋಡಿದ. ಆಮೇಲೆ ತಿರುಗಿ ಶೇಖಮ್ಮನನ್ನು ಕರೆದ.

“ಕಾಲ ಬದಲಾಗೇದ. ಮೈಲಿಗಿ ಗೀಲಿಗಿ ಎಲ್ಲಾ ಹಳೇದು. ಈ ಸಲ ಮೊದಲ ಹಿಡಿ ನೀನಾ ಹಚ್ಚವ್ವಾ ಶೇಖಮ್ಮ.”

ಅವ್ವಾ ಅಂದಿದ್ದ. ಸಾಹುಕಾರನ ಬಾಯಿಂದ ಅವ್ವಾ! ಶೇಖಮ್ಮ ಎರಡೂ ಕೈ ಒಡ್ಡಿ ಆ ಹಿಡಿ ಇಸಿದುಕೊಂಡಳು. ಕಣ್ಣು ತುಂಬಿ ಬಂದವು. ತನ್ನ ಅವ್ವ, ಅವ್ವನ ಅವ್ವ ನೆರಳು ಬೀಳದಂತೆ ದೂರ ನಿಂತ ನೀರಿಗೆ ಅವಳು ಮೊದಲು ಇಳಿದಳು. ಮೊದಲ ಹಿಡಿ ಊರಿದಳು. ಹೆಂಗಸರು ಹಾಡು ಎತ್ತಿದರು. ಟಂಟಂನಲ್ಲಿ ವಾಪಸು ಬರುವಾಗ ಅದೇ ಮಾತು, ಕೇರಿಯಲ್ಲಿ ವಾರಗಟ್ಟಲೆ ಅದೇ ಮಾತು. ಮುದುಕಮ್ಮ ಇರಬೇಕಿತ್ತು, ನೋಡಿ ಸಂತೋಷಪಡುತ್ತಿದ್ದಳು ಎಂದು ಸೂಗಪ್ಪ ಕೂಡ ಕಣ್ಣೊರೆಸಿಕೊಂಡ.

ಕಾಲೇಜಿಗೆ ಹಲವು ದಿನ ರಜೆಯೆಂದು ಅಂದು ಸಂಘಮಿತ್ರಾಳೂ ಬಂದಿದ್ದಳು. ಹೊಸ ಕ್ಯಾನ್ವಾಸ್ ಬೂಟು ಕಚ್ಚಿ ಅವಳ ಹಿಮ್ಮಡಿಯ ತೊಗಲು ಸುಲಿದಿತ್ತು. ನೀರು ತಾಗಿದರೆ ಉರಿಯುತ್ತದೆ, ಬೂಟಿನಲ್ಲೇ ಇಳಿಯುತ್ತೇನೆ ಎಂದಳು. ವೆಂಕಣ್ಣ ಒದರಿದ.

“ಏ ಹುಡುಗಿ! ಲಕ್ಷ್ಮಿ ಮ್ಯಾಲ ಕೆರ ಹಾಕ್ಕಂಡು ಕಾಲಿಡ್ತೀಯೇನು? ಬಿಚ್ಚು!”

“ಸಾಹುಕಾರ್ರು ಹಾಕ್ಕಂಡಾರಲ್ಲ?”

“ಅವ್ರು ವಡ್ಡಿನ ಮ್ಯಾಲ ಅದಾರ. ನೀನು ನೀರಿಗೆ ಇಳ್ಯಾಕಿ.”

ಸಂಘಮಿತ್ರಾ ಅವ್ವನ ಮುಖ ನೋಡಿದಳು. ಶೇಖಮ್ಮನಿಗೆ ಗಾಬರಿಯಾಯಿತು. ಈಗಷ್ಟೇ ಕೈಗೆ ಬಂದ ಮರ್ಯಾದೆಯನ್ನು ಈ ಹುಡುಗಿ ಒಂದು ಮಾತಿನಿಂದ ಕೆಡಿಸುತ್ತಾಳೆ ಅನ್ನಿಸಿತು. ತಾನೇ ಬಗ್ಗಿ ಮಗಳ ಬೂಟಿನ ಲಾಡಿ ಬಿಚ್ಚಿದಳು.

ನೀರು ಬೆಚ್ಚಗಿತ್ತು. ಕಾಲುವೆಯಿಂದ ನೀರು ಬಿಟ್ಟಾಗ ಒಡ್ಡಿನ ಬಿಲಗಳಿಂದ ಹೊರಬಿದ್ದ ಇಲಿಗಳು ಆ ನೀರಲ್ಲೇ ಈಜಾಡಿದ್ದವು, ಅದರಲ್ಲೇ ಉಚ್ಚೆ ಹೊಯ್ದಿದ್ದವು, ಒಂದೆರಡು ಮೂಲೆಯಲ್ಲಿ ಉಬ್ಬಿ ತೇಲುತ್ತಿದ್ದವು. ಹೆಂಗಸರು ಅವನ್ನು ಬಾಲ ಹಿಡಿದು ಆಚೆ ಎಸೆದು ಸಾಲಾಗಿ ಬಗ್ಗಿದರು. ನೆಲ್ಲು ಹಚ್ಚುವವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಕಾಲಿಡುವ ಜಾಗ ಕಾಣುವುದಿಲ್ಲ. ಸೊಂಟ ಕಡಿದು ಬೀಳುತ್ತದೆ. ಕಾಲ್ಬೆರಳ ಸಂದು ಬೆಂದ ಅನ್ನದಂತೆ ಬೆಳ್ಳಗಾಗಿ ಬಿರಿಯುತ್ತದೆ. ಆ ಬಿರುಕಿನಿಂದ ಏನು ಒಳಗೆ ಹೋಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂಘಮಿತ್ರಾ ಆ ಸುಲಿದ ಹಿಮ್ಮಡಿಯನ್ನು ಕೆಸರಲ್ಲಿ ಹೂತುಕೊಂಡು, ಜ್ವರ ಬರುವ ದಿನದವರೆಗೂ ಬಗ್ಗಿಯೇ ಇದ್ದಳು.

ಈಗ ಸೂಗಪ್ಪ ಬಂದು ಹುಡುಗಿಯ ರೆಪ್ಪೆ ಎತ್ತಿ ನೋಡಿದ. ಅವನ ಮುಖ ಬೂದಿಯಾಯಿತು. ಆದರೂ ಅಂದ.

“ಕಾಮಣಿ ಆಗೇದ. ಬರಿ ಹಾಕಸೂನು ನಡಿ.”

“ಭಾವಾ, ಅಕ್ಕಗೂ ಬರಿ ಹಾಕ್ಸಿದ್ವಿ.”

ಸೂಗಪ್ಪ ಒಲೆಯ ಕಡೆ ತಿರುಗಿ ನಿಂತ.

“ರಾಯಚೂರಿಗೆ ಒಯ್ತೀನಿ ನಾನು. ನೀ ಬಂದ್ರ ಬಾ, ಬಿಟ್ರ ಬಿಡು,” ಅಂದಳು ಶೇಖಮ್ಮ.

“ಬರ್ತೀನಿ. ಆದ್ರ ಆ ಹೆಸರು ಮಾತ್ರ ತೆಗೀಬ್ಯಾಡ. ನೀ ಸುಮ್ನಿರು, ಡಾಕ್ಟರ್ ಮುಂದ ನಾನಾ ಮಾತಾಡ್ತೀನಿ. ಕೇರಿ ಮಾನ ನನ್ನ ಕೈಯಾಗ ಅದ.”

ಬಸ್ಸಿನಲ್ಲಿ ಹುಡುಗಿಯ ತಲೆ ಶೇಖಮ್ಮನ ತೊಡೆಯ ಮೇಲಿತ್ತು. ತೊಡೆ ಸುಡುತ್ತಿತ್ತು. ಬೆಳಗಿನಿಂದ ಹುಡುಗಿ ಒಂದು ಸಲವೂ ಉಚ್ಚೆಗೆ ಎದ್ದಿರಲಿಲ್ಲ. ನೀರು ಕುಡಿಸಿದರೆ ಕಕ್ಕುತ್ತಿದ್ದಳು. ಮುದುಕಮ್ಮನಿಗೂ ಹೀಗೇ ಆಗಿತ್ತು, ಹೀಗೇ ಆಗಿತ್ತು ಎಂದು ಶೇಖಮ್ಮನ ತಲೆಯೊಳಗೆ ಅದೊಂದೇ ಮಾತು ಗಾಣದೆತ್ತಿನಂತೆ ಸುತ್ತುತ್ತಿತ್ತು. ಎದುರಿನ ಸೀಟಿನ ಹೆಂಗಸು ಕನಿಕರದಿಂದ ಕೇಳಿದಳು.

“ಏನಾಗೇದವ್ವಾ ಹುಡುಗಿಗೆ? ಗಡಗಡ ನಡಗಾಕತ್ತಾಳಲ್ಲ?”

“ಕಾಮಣಿ,” ಅಂದ ಸೂಗಪ್ಪ, ಶೇಖಮ್ಮ ಬಾಯಿ ತೆರೆಯುವ ಮೊದಲೇ.

ಸಂಘಮಿತ್ರಾ ಕಣ್ಣು ಬಿಟ್ಟಳು. ಅವ್ವನ ಸೆರಗು ಹಿಡಿದು ಎಳೆದಳು. ಶೇಖಮ್ಮ ಬಗ್ಗಿ ಕಿವಿ ಕೊಟ್ಟಳು.

“ಬೇ, ಅಲ್ಲಿ ಹೇಳಬ್ಯಾಡ ಬೇ. ಇದಾ ಬಸ್ಸಿನಾಗ ನಾ ದಿನಾ ಬರಬೇಕು.”

ಸಾಯುತ್ತಿರುವ ಹುಡುಗಿ ನಾಳಿನ ಬಸ್ಸಿಗೆ ಅಂಜುತ್ತಿದ್ದಳು. ಆ ಕಿಚ್ ಕಿಚ್ ಅಂದ ಹುಡುಗರು ಎದುರಿಗೆ ಸಿಕ್ಕಿದ್ದರೆ ಅವತ್ತು ಶೇಖಮ್ಮನ ಕೈ ಏನು ಮಾಡುತ್ತಿತ್ತೋ.

ದವಾಖಾನೆಯಲ್ಲಿ ಹಾಸಿಗೆಗೆ ಹಾಸಿಗೆ ತಾಗಿದ್ದವು. ಸಣ್ಣ ವಯಸ್ಸಿನ ಡಾಕ್ಟರಮ್ಮ ಬಂದಳು. ಹುಡುಗಿಯ ಕಣ್ಣು ನೋಡಿದಳು, ಹೊಟ್ಟೆ ಒತ್ತಿದಳು, ಕಾಲಿನ ಖಂಡ ಒತ್ತಿದಳು. ಸಂಘಮಿತ್ರಾ ಚೀರಿದಳು.

“ಹೊಲ ಗದ್ದೆ ಕೆಲಸಕ್ಕೆ ಹೋಗ್ತಾಳಾ?”

“ಇಲ್ರೀ ಮೇಡಂ,” ಸೂಗಪ್ಪ ಕೈ ಮುಗಿದ. “ಕಾಲೇಜ್ ಹುಡುಗಿ. ಮನಿ ಬಿಟ್ಟು ಹೊರಗ ಬೀಳಂಗಿಲ್ಲ. ಕಾಮಣಿರೀ ಇದು.”

“ನೀರಲ್ಲಿ ನಿಂತು ಕೆಲಸ ಮಾಡಿದ್ದು?”

“ಇಲ್ರೀ.”

“ನಿಮ್ಮ ಕಡೆ ಇಲಿ ಕಾಟ ಇದೆಯಾ?”

“ಇಲಿರೀ? ನಮ್ಮ ಕಡಿ ಇಲಿನಾ ಇಲ್ರೀ.”

ಒಡ್ಡಿಗೆ ಕಿವಿ ಹಚ್ಚಿ ಬಿಲ ಹುಡುಕುವ ಮನುಷ್ಯ ಇಲಿಯೇ ಇಲ್ಲ ಎಂದ. ಡಾಕ್ಟರಮ್ಮ ಅವನ ಕೈಗಳನ್ನು ನೋಡಿದಳು, ಶೇಖಮ್ಮನ ಕಾಲುಗಳನ್ನು ನೋಡಿದಳು.

“ನೋಡಿ, ಸರಿಯಾಗಿ ಹೇಳಿ. ಬರೀ ಕಾಮಾಲೆ ಅಂತ ಕೂತರೆ ತಡ ಆಗುತ್ತೆ. ಕಿಡ್ನಿಗೆ ಹೋದರೆ ನನ್ನ ಕೈಯಲ್ಲಿ ಇರಲ್ಲ.”

ಪಕ್ಕದ ಹಾಸಿಗೆಯ ರೋಗಿಯನ್ನು ನೋಡಲು ಬಂದಿದ್ದ ಗಂಡಸೊಬ್ಬ ಕುತ್ತಿಗೆ ಉದ್ದ ಮಾಡಿದ. “ಎಲ್ಲೆರೆ ಇಲಿ ಗಿಲಿ ತಿಂದಾರೇನು ಕೇಳ್ರಿ ಮೇಡಂ. ಆ ಕಡಿ ಮಂದಿ ತಿಂತಾರ.” ಹೇಳಿ ಮೂಗು ಮುಚ್ಚಿಕೊಂಡ.

ಎಲ್ಲರೂ ಈ ಹಾಸಿಗೆಯ ಕಡೆ ತಿರುಗಿದರು. ಸೂಗಪ್ಪ ತಲೆ ತಗ್ಗಿಸಿದ. ಡಾಕ್ಟರಮ್ಮ ನೀರಿನ ಮಾತು ಕೇಳಿದ್ದು ಯಾಕೆಂದು ಶೇಖಮ್ಮನಿಗೆ ಥಟ್ಟನೆ ಹೊಳೆಯಿತು. ಅವಳು ಮಗಳ ಕಡೆ ನೋಡಿದಳು. ಕೆಂಪಿನ ಅಂಚಿನಲ್ಲಿ ಹಳದಿ ಇಣುಕುತ್ತಿತ್ತು.

“ತಿಂದದ್ದಲ್ರೀ,” ಅಂದಳು ಶೇಖಮ್ಮ. “ನಿಂತದ್ದು.”

“ಏನಮ್ಮ?”

“ನಿಂತದ್ದು. ಇಲಿ ತಿಂದು ಬಂದದ್ದಲ್ಲ, ಇಲಿ ಸತ್ತು ತೇಲೋ ನೀರಾಗ ನಿಂತು ಬಂದದ್ದು. ನೆಲ್ಲು ಹಚ್ಯಾಳ. ಕಾಲಾಗ ಗಾಯ ಇತ್ತು. ಬರಿಗಾಲಿಲೆ ಇಳಿಸ್ಯಾರ. ಇಲಿ ಜ್ವರ ರೀ ಇದು, ಇಲಿ ಜ್ವರ! ನಮ್ಮಕ್ಕ ಇದರಾಗಾ ಸತ್ಲು. ಕಾಮಣಿ ಅಂದು ಸಾಯಿಸಿದ್ವಿ. ಇಕೀನ ಉಳಿಸ್ರೀ ಯವ್ವಾ.”

ಒಂದು ವರ್ಷ ಗಂಟಲಲ್ಲಿ ಕೂತಿದ್ದ ಹೆಸರು ವಾರ್ಡಿಗೆಲ್ಲ ಕೇಳುವಂತೆ ಹೊರಬಿತ್ತು. ಡಾಕ್ಟರಮ್ಮ ಓಡಿ ನರ್ಸನ್ನು ಕರೆದಳು. ಸಲೈನು ಏರಿತು, ಸೂಜಿ ಚುಚ್ಚಿದರು, ರಕ್ತ ತೆಗೆದರು. ಕೈ ಆಡಿಸುತ್ತಲೇ ಅವಳು ಹೇಳಿದಳು.

“ಬೇಯಿಸಿ ತಿಂದಿದ್ದಕ್ಕೆ ಬರೋ ರೋಗ ಅಲ್ಲಮ್ಮ ಇದು. ಇಲಿ ಉಚ್ಚೆ ನೀರಿಗೆ ಸೇರುತ್ತೆ, ಗಾಯದಿಂದ ಒಳಗೆ ಹೋಗುತ್ತೆ. ಆ ನೀರಿಗೆ ಯಾರು ಇಳಿದರೂ ಬರುತ್ತೆ. ನಾನು ಇಳಿದರೂ ಬರುತ್ತೆ. ಮೊಣಕಾಲುದ್ದ ರಬ್ಬರ್ ಬೂಟು ಹಾಕದೆ ಇಳಿಯಲೇಬಾರದು.”

ಶೇಖಮ್ಮನ ಕಣ್ಣು ಮಗಳ ಹಿಮ್ಮಡಿಯತ್ತ ಹೋಯಿತು.

ರಬ್ಬರ್ ಬೂಟು. ಮೊಣಕಾಲುದ್ದ. ಕರಿ ಬಣ್ಣ.

ಒಡ್ಡಿನ ಮೇಲೆ ನಿಂತ ಸಾಹುಕಾರ ಕಣ್ಣಿಗೆ ಕಟ್ಟಿದ. ಕೈಯಲ್ಲಿ ಸಸಿ ಹಿಡಿದು ನೀರನ್ನೇ ನೋಡಿದ್ದು. ಕಾಲ ಬದಲಾಗೇದ ಅಂದದ್ದು. ಅವ್ವಾ ಅಂದದ್ದು. ಅವನಿಗೆ ಗೊತ್ತಿತ್ತು. ಮುದುಕಮ್ಮ ಸತ್ತ ಮೇಲೆ ಎಲ್ಲೋ ಕೇಳಿ ತಿಳಿದುಕೊಂಡಿದ್ದ. ತಿಳಿದು ತನ್ನ ಕಾಲಿಗೆ ಮಾತ್ರ ಬೂಟು ತಂದುಕೊಂಡಿದ್ದ. ಅವಳು ಎರಡು ಕೈಯೊಡ್ಡಿ ಇಸಿದುಕೊಂಡದ್ದು ಮರ್ಯಾದೆಯಲ್ಲ, ಅವನ ಹೆದರಿಕೆ. ತನಗೆ ಬರಬಾರದ ಸಾವನ್ನು ಅರಿಸಿನ ಕುಂಕುಮ ಹಚ್ಚಿ ಅವಳ ಕೈಗೆ ಕೊಟ್ಟಿದ್ದ. ಅವಳು ಕಣ್ಣೀರು ಹಾಕಿ ತೆಗೆದುಕೊಂಡಿದ್ದಳು. ಹಾಡು ಬೇರೆ ಹೇಳಿಸಿಕೊಂಡಿದ್ದಳು. ಆ ಮರ್ಯಾದೆ ಉಳಿಸಿಕೊಳ್ಳಲು ಮಗಳ ಬೂಟು ಬಿಚ್ಚಿದ್ದಳು.

ಸೂಗಪ್ಪ ಹೆಂಡತಿಯನ್ನು ನೆನೆದು ಗೋಡೆಗೆ ಮುಖ ಮಾಡಿ ಹಣೆ ಚಚ್ಚಿಕೊಳ್ಳುತ್ತಿದ್ದ. “ಒಂದು ಮಾತು ಹೇಳಿದ್ರ ಉಳೀತಿದ್ಲಲ್ಲಾ. ನಾನಾ ಬಾಯಿ ಕಟ್ಟಿದೆ. ನಾನಾ ಕೊಂದೆ ಆಕಿನ್ನ.” ಶೇಖಮ್ಮ ಅವನನ್ನು ಸಮಾಧಾನ ಮಾಡಲಿಲ್ಲ. ಅದಕ್ಕೆ ಅವಳಲ್ಲಿ ಶಕ್ತಿಯಿರಲಿಲ್ಲ.

ಆಮೇಲಿನ ದಿನಗಳೆಲ್ಲ ಒಂದೇ ಚಿಂತೆ. ಹಾಸಿಗೆಯ ಕೆಳಗೆ ತೂಗುಹಾಕಿದ ಚೀಲಕ್ಕೆ ಉಚ್ಚೆ ಬೀಳಬೇಕು. ಬೀಳುತ್ತಿರಲಿಲ್ಲ. ಹುಡುಗಿಯ ಮುಖ ಊದಿತು, ಮೈ ಅರಿಸಿನವಾಯಿತು. ಮಷಿನಿಗೆ ಹಾಕಿ ರಕ್ತ ತೊಳೆದರು. ಶೇಖಮ್ಮ ನೆಲದ ಮೇಲೆ ಕೂತು ಆ ಖಾಲಿ ಚೀಲವನ್ನೇ ನೋಡುತ್ತಿದ್ದಳು. ದೇವರಿಗೆ ಹರಕೆ ಹೊರಲು ಹೋದರೆ ಐದು ಕಲ್ಲು ನೆನಪಾಗಿ ಬಾಯಿ ಕಹಿಯಾಗುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಚೀಲದ ತಳದಲ್ಲಿ ಕಂದು ನೀರು ಒಂದಿಷ್ಟು ಕಂಡಿತು. ಮಧ್ಯಾಹ್ನಕ್ಕೆ ಇನ್ನಷ್ಟು. ಮಗಳು ಉಚ್ಚೆ ಹೊಯ್ದಳೆಂದು ಶೇಖಮ್ಮ ವಾರ್ಡಿನ ನಡುವೆ ನಿಂತು ಗೊಳೋ ಎಂದು ಅತ್ತಳು.

ಹುಡುಗಿ ಗಂಜಿ ಕುಡಿಯುವಂತಾದ ಮೇಲೆ ಆನಂದ ನೋಡಲು ಬಂದ. ನಾಟಿ ಇನ್ನೂ ನಡೆದಿದೆ, ನಾಳೆ ಕಾಲುವೆ ತುದಿಯ ದೊಡ್ಡ ಗದ್ದೆಗೆ ಇಳಿಯುತ್ತಾರೆ ಎಂದ. ಕೇರಿಯಿಂದ ನಾಟಿಗೆ ಹೋಗುವ ಬಸವಂತಮ್ಮನಿಗೆ ಕಾಲು ನೋಯುತ್ತಿವೆಯಂತೆ, ಆದರೂ ಬರುತ್ತಾಳಂತೆ. ಶೇಖಮ್ಮ ಮಗಳ ಪಕ್ಕದಲ್ಲಿ ಸೂಗಪ್ಪನನ್ನು ಕೂಡಿಸಿದಳು. ಸಂಘಮಿತ್ರಾ ಅವಳ ಕೈ ಹಿಡಿದಳು.

“ಎಲ್ಲಿಗೆ ಬೇ?”

“ಗದ್ದಿಗೆ.”

“ಇಳೀಬ್ಯಾಡ ಬೇ!”

“ಇಳ್ಯಾಕಲ್ಲ ಹೋಗಾದು.”

ಶೇಖಮ್ಮ ಕ್ರಾಸಿನಲ್ಲಿ ಬಸ್ಸಿಳಿದು ಒಡ್ಡಿನ ಮೇಲೆ ನಡೆದು ಬಂದಾಗ ಹೆಂಗಸರು ಆಗಲೇ ಚಪ್ಪಲಿ ಬಿಚ್ಚಿ ಸಾಲಾಗಿಟ್ಟು ದೂರ ನಿಂತಿದ್ದರು. ಐದು ಕಲ್ಲು ಹೂಡಿದ್ದರು. ಕಾಯಿ ಒಡೆದಿತ್ತು. ಸಾಹುಕಾರ ಬೂಟಿನಲ್ಲಿ ನಿಂತಿದ್ದ. ಕೂಲಿ ಹೋಗುತ್ತದೆ, ಟಂಟಂ ಹತ್ತಿಸಿಕೊಳ್ಳುವುದಿಲ್ಲ, ಒಲೆ ಹತ್ತುವುದಿಲ್ಲ, ಎಲ್ಲ ಶೇಖಮ್ಮನಿಗೆ ಗೊತ್ತಿತ್ತು. ಹೆದರಿಕೆ ಹೋಗಿರಲಿಲ್ಲ. ಹೆದರಿಕೊಂಡೇ ಬಂದಿದ್ದಳು. ಚಪ್ಪಲಿ ಬಿಚ್ಚಲಿಲ್ಲ.

“ಬಂದೇನವ್ವಾ ಶೇಖಮ್ಮ! ಹುಡುಗಿ ಹೆಂಗದಾಳ?” ಸಾಹುಕಾರ ನಕ್ಕ. “ಛಲೋ ಆತು. ನಿನ್ನ ಕೈಗುಣ ಭಾಳ ಚಂದ. ಹಿಡಿ, ಇದಕ್ಕೂ ಮೊದಲ ಹಿಡಿ ನೀನಾ ಹಚ್ಚು.”

ಅವನು ಸಸಿ ಚಾಚಿದ. ಶೇಖಮ್ಮ ತೆಗೆದುಕೊಂಡಳು. ಇಳಿಯಲಿಲ್ಲ.

“ಏ, ಕೆರ ಬಿಚ್ಚು!” ವೆಂಕಣ್ಣ ಕೂಗಿದ. ಅವನ ಬರಿಗಾಲೂ ಬಿರಿದಿದ್ದವು.

“ಬೂಟು ಕೊಡಸ್ರಿ, ಇಳೀತೀವಿ,” ಅಂದಳು ಶೇಖಮ್ಮ. “ನಿಮ್ಮ ಕಾಲಾಗ ಇದ್ದಂಥವು. ಎಲ್ಲಾರಿಗೂ. ಈ ವೆಂಕಣ್ಣಗೂ.”

“ಬೂಟು ಹಾಕ್ಕಂಡು ಕಾಲಿಟ್ರ ಲಕ್ಷ್ಮಿ ನಿಲ್ತಾಳೇನಬೇ? ಯಾರು ತಲಿ ಕೆಡಿಸಿದ್ರು ನಿನ್ನ? ನಿಮಗ ಜ್ವರ ಬರಾದು ಯಾತರಿಂದ ಅಂತ ಊರಿಗೇ ಗೊತ್ತದ. ಬಾಯಿ ಬಿಡಸಬ್ಯಾಡ ನನ್ನ. ಸಸಿ ಬಾಡಾಕತ್ತಾವ, ಇಳೀ!”

ಬಸವಂತಮ್ಮ ತಲೆ ತಗ್ಗಿಸಿ ನೀರಿನ ಕಡೆ ಒಂದು ಹೆಜ್ಜೆ ಇಟ್ಟಳು. ಶೇಖಮ್ಮ ಅಡ್ಡ ಕೈ ಚಾಚಿ ಅವಳನ್ನು ತಡೆದಳು. ಆಮೇಲೆ ಆ ಸಸಿಯ ಹಿಡಿಯನ್ನು ಸಾಹುಕಾರನ ಎದೆಯ ಮುಂದೆ ಹಿಡಿದಳು.

“ಇಲಿ ಹಿಡ್ಯಾಕ ನಮ್ಮನ್ನ ಕರದೋರು ನೀವು. ಇಲಿ ತಿನ್ನೋ ಮಂದಿ ಅಂದೋರೂ ನೀವು. ಹಂಗಾ ಇರಲಿ, ತಿಂದದ್ದಕ್ಕಾ ಬಂತು. ನೀವು ತಿನ್ನಂಗಿಲ್ಲಲ್ರೀ ಸಾಹುಕಾರ್ರ. ನಿಮಗ್ಯಾತರ ಅಂಜಿಕಿ? ಬೂಟು ಬಿಚ್ರಿ. ಮೊದಲ ಹಿಡಿ ನಿಮ್ದು. ನೀವು ಇಳಿದ್ರ ನಿಮ್ಮ ಹಿಂದ ನಾವೆಲ್ಲಾ ಇಳೀತೀವಿ. ಹಿಡೀರಿ.”

ಸಾಹುಕಾರ ವೆಂಕಣ್ಣನನ್ನು ನೋಡಿದ. ವೆಂಕಣ್ಣ ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದ. ಸಾಹುಕಾರ ಹೆಂಗಸರನ್ನು ನೋಡಿದ. ಅವರೆಲ್ಲ ಅವನ ಬೂಟನ್ನು ನೋಡುತ್ತಿದ್ದರು. ಕೊನೆಗೆ ಅವನು ನೀರನ್ನು ನೋಡಿದ. ಒಡ್ಡಿನ ಬುಡದಲ್ಲಿ ಒಂದು ಇಲಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಸಾಹುಕಾರ ಹಿಂದಕ್ಕೆ ಒಂದು ಹೆಜ್ಜೆ ಸರಿದ.

ಒಂದೇ ಹೆಜ್ಜೆ. ಎಲ್ಲರೂ ಕಂಡರು.

ಬಸವಂತಮ್ಮ ತಿರುಗಿ ಹೋಗಿ ಸಾಲಿನಿಂದ ತನ್ನ ಚಪ್ಪಲಿ ಆರಿಸಿ ಕಾಲಿಗೆ ಹಾಕಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಉಳಿದವರು. ಶೇಖಮ್ಮ ಕೈ ಬಿಟ್ಟಳು. ಮೊದಲ ಹಿಡಿ ಒಡ್ಡಿನ ಮೇಲೆ ಐದು ಕಲ್ಲಿನ ಪಕ್ಕಕ್ಕೆ ಬಿತ್ತು. ಬಿಸಿಲೇರಿ ಅದು ಬಾಡುವವರೆಗೂ ಯಾರೂ ಎತ್ತಲಿಲ್ಲ.